ಹಿಂದಿನಿಂದ ಸೈಡ್ ಕೇಳಿದವನು

ಇದು ನಮ್ಮ ಓಣಿಯ ಮಾದೇವಿಗೆ ಆದದ್ದು. ನಂಬುವವರು ನಂಬಿ, ಬಿಡುವವರು ಬಿಡಿ.

ಅವಳು ಕೆಲಸ ಮಾಡುವ ಶಿಗ್ಗಾಂವಿಯ ಹೊಲಿಗೆ ಅಂಗಡಿ ಮುಚ್ಚುವಷ್ಟರಲ್ಲಿ ಊರಿನ ಕೊನೆಯ ಬಸ್ಸು ಹೋಗಿಬಿಟ್ಟಿರುತ್ತದೆ. ಹಾಗಾಗಿ ಮಾದೇವಿಗೆ ಸೈಕಲ್ಲೇ ಗತಿ. ಸುಗ್ಗಿ ಬಂತೆಂದರೆ ಆ ದಾರಿ ಅರ್ಧವಾಗುತ್ತದೆ. ಗೋವಿನಜೋಳವನ್ನು ಡಾಂಬರಿನ ಮೇಲೆ ಒಣಗಲು ಹರವಿ, ಗಾಡಿ ಹತ್ತಬಾರದೆಂದು ಸುತ್ತ ದಪ್ಪ ಕಲ್ಲು ಇಡುತ್ತಾರೆ. ಎಡಕ್ಕೆ ಕಲ್ಲು, ಬಲಕ್ಕೆ ಲಾರಿ. ನಡುವೆ ಗೇಣು ಜಾಗ.

ಹೋದ ಸುಗ್ಗಿಯಲ್ಲಿ ಸೈಕಲ್ಲಿಗೆ ಕ್ಯಾನು ಕಟ್ಟಿ ಹಾಲು ಹಾಕುತ್ತಿದ್ದ ಕನಕಪ್ಪ ಅಲ್ಲೇ, ಆಲದ ಮರದ ಹತ್ತಿರ, ಕಲ್ಲಿಗೆ ಬಡಿದು ಲಾರಿಯ ಕೆಳಗೆ ಹೋದ. ಈ ಸಲವೂ ಕಲ್ಲು ಅಲ್ಲೇ ಬಂದವು.

"ಲಕ್ಷ್ಮಪ್ಪ ಕಾಕಾ, ಕಲ್ಲರ ತಗೀರಿ. ನಾ ಎಲ್ಲಿ ಸೈಕಲ್ ಹೊಡೀಲಿ?" ಎಂದು ಮಾದೇವಿ ಒಂದು ಬೆಳಿಗ್ಗೆ ಜೋಳ ಹರವಿದವನನ್ನು ಕೇಳಿದ್ದಳು.

"ಕಲ್ಲು ತಗದ್ರ ನನ್ನ ಕಾಳಿನ ಮ್ಯಾಲ ಲಾರಿ ಹಾಯ್ತಾವ. ದೊಡ್ಡ ಮೇಡಂ ನೀ! ಇಳದು ನಡ್ಕೋಂತ ಹೋಗು."

ಅವತ್ತು ವಾಪಸ್ ಬರುವಾಗ ಕತ್ತಲಾಗಿತ್ತು. ಆಲದ ಮರ ದಾಟುತ್ತಿದ್ದಳು. ಹಿಂದಿನಿಂದ... ಟ್ರಿಣ್. ಟ್ರಿಣ್.

ತಿರುಗಲಿಲ್ಲ. ತಿರುಗಿದರೆ ಹ್ಯಾಂಡಲ್ ಅಲುಗಿ ಕಲ್ಲು ತಾಗುತ್ತದೆ. ಹಿಂದಿನ ಸೈಕಲ್ಲಿನ ಚೈನು ಕಟರ್... ಕಟರ್... ಎನ್ನುತ್ತಿತ್ತು. ಕ್ಯಾನುಗಳು ಒಂದಕ್ಕೊಂದು ಬಡಿದು ಠಣ್ ಎಂದವು. ಖಾಲಿ ಕ್ಯಾನಿನ ಸದ್ದು.

"ಸೈಡ್ ಬಿಡ ತಂಗಿ..."

"ಎಲ್ಲಿ ಬಿಡ್ಲಿ ಯಣ್ಣಾ? ಜಾಗಾನ ಇಲ್ಲ."

"ಹಂಗಾರ... ನಾ ಎಲ್ಲಿ ಹೊಡೀಲಿ?"

ಮಾದೇವಿ ಪೆಡಲು ಜೋರಾಗಿ ತುಳಿದಳು. ಎದುರಿಗೆ ಲಾರಿಯ ಬೆಳಕು. ಅದನ್ನು ಹಿಂದೆ ಹಾಕುತ್ತಾ ಇನ್ನೊಂದು ಲಾರಿ ಇವಳ ಮೇಲೇ ಬರುತ್ತಿತ್ತು. ಬೆನ್ನಿಗೆ ಟ್ರಿಣ್... ಟ್ರಿಣ್... ಹಾರಿ ಇಳಿದಳು. ಸೈಕಲ್ಲನ್ನು ಕಲ್ಲಿನಾಚೆ ಎತ್ತಿ ಒಗೆದು, ತಾನೂ ಜೋಳದ ಮೇಲೆ ಬಿದ್ದಳು. ಲಾರಿ ಭರ್ರನೆ ಹೋಯಿತು.

ಆಮೇಲೆ ಎಲ್ಲ ಸುಮ್ಮನೆ. ಕಾಳು ಮಾತ್ರ, ಅವಳ ಪಕ್ಕದಲ್ಲೇ... ಸರಸರ... ಸರಸರ... ಗಾಲಿ ಉರುಳಿದ ಹಾಗೆ.

ಬೆಳಿಗ್ಗೆ ಲಕ್ಷ್ಮಪ್ಪ ಅವಳ ಬಾಗಿಲಿಗೇ ಬಂದ. "ನನ್ನ ಕಾಳಿನಾಗ ಸೈಕಲ್ ಹೊಡದಿಯಲ್ಲ!"

"ಹೊಡದಿಲ್ಲರಿ ಕಾಕಾ. ಬಿದ್ದೇನಿ ಅಷ್ಟ."

ನಾವೆಲ್ಲ ಹೋಗಿ ನೋಡಿದೆವು. ಮಾದೇವಿ ಬಿದ್ದ ಗುರುತು ಒಂದು ಕಡೆ. ಅದರ ಪಕ್ಕದಿಂದ ಗಾಲಿಯ ಗೆರೆಯೊಂದು ಕಾಳಿನ ನಟ್ಟನಡುವೆ ನೇರ ಹೋಗಿತ್ತು. ಎಲ್ಲಿಂದಲೂ ಒಳಗೆ ಬಂದಿರಲಿಲ್ಲ. ಎಲ್ಲಿಗೂ ಹೊರಬಿದ್ದಿರಲಿಲ್ಲ.

ಲಕ್ಷ್ಮಪ್ಪ ಕಾಳು ಕೆದರಿ ಸಮ ಮಾಡಿದ. ಕಲ್ಲು ಮಾತ್ರ ತೆಗೆಯಲಿಲ್ಲ. ಸಂಜೆ ಮಾದೇವಿ ಮತ್ತೆ ಅದೇ ಗೇಣು ಜಾಗದಲ್ಲಿ ಬಂದಳು. ಬೇರೆ ದಾರಿ ಎಲ್ಲಿತ್ತು? ಹಿಂದೆ ಬೆಲ್ಲು ಕೇಳುತ್ತಲೇ ಇತ್ತಂತೆ.

ಮರುದಿನ ಗೆರೆ ಮತ್ತೆ ಅಲ್ಲೇ ಇತ್ತು. ನಾನೇ ಬಗ್ಗಿ ಮುಟ್ಟಿ ನೋಡಿದ್ದೇನೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ರಾತ್ರಿ ಮಳೆಯಿಲ್ಲ, ಇಬ್ಬನಿಯಿಲ್ಲ. ಸುತ್ತಲಿನ ಕಾಳೆಲ್ಲ ಗರಿಗರಿ ಒಣಗಿತ್ತು. ಗೆರೆಯೊಳಗಿನ ಕಾಳು ಹಾಲು ತಾಗಿದ ಹಾಗೆ ಹಸಿಯಾಗಿತ್ತು.