ಎತ್ತರದ ಕಾರು, ಅವ್ವನ ಮೊಣಕಾಲು

ಹೊಳೆದಂಡೆಯ ಒಂದೂರಿನಲ್ಲಿ ಒಬ್ಬ ಸಿರಿವಂತನಿದ್ದ. ಒಳ್ಳೆಯವನೇ. ಅವನ ಮನೆಯಲ್ಲಿ ಅಪ್ಪನ ಕಾಲದ ಒಂದು ಸೆಡಾನ್ ಕಾರು. ಆಹಾ, ಎಂಥ ಕಾರು! ಉದ್ದ ಮೂತಿ, ಹಿಂದೆ ಡಿಕ್ಕಿ, ನೆಲಕ್ಕೆ ಹತ್ತಿರವಾದ ಮೆತ್ತನೆಯ ಸೀಟು. ಎಂಬತ್ತು ದಾಟಿದ ಅವ್ವ ಬಾಗಿಲಿಗೆ ಬೆನ್ನು ಮಾಡಿ ನಿಂತು, ಹೊರಸಿನ ಮೇಲೆ ಕೂತಂತೆ ಕೂತು, ಆಮೇಲೆ ಒಂದೊಂದೇ ಕಾಲು ಒಳಗೆ ಎಳೆದುಕೊಳ್ಳುತ್ತಿದ್ದಳು. ಡಾಂಬರು ರಸ್ತೆಯಲ್ಲಿ ಅದು ಹೊರಟರೆ ಮಡಿಲಲ್ಲಿಟ್ಟ ಚರಿಗೆಯ ನೀರೂ ತುಳುಕುತ್ತಿರಲಿಲ್ಲ.

ಆದರೆ ನೋಡಿ, ಊರಾಚೆ ಒಂದು ಹಳ್ಳ. ಸೇತುವೆ ಇಲ್ಲ, ಬರೀ ಕಲ್ಲುದಾರಿ. ಅಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ತಾಗುತ್ತಿತ್ತು. ಅದಕ್ಕೇ ಸಿರಿವಂತ ಕ್ರಾಸ್‌ಓವರ್ ಎಂಬ ಎತ್ತರದ ಹೊಸ ಕಾರು ತಂದ. ಅದೇನು ಕಡಿಮೆಯೇ? ದೊಡ್ಡ ಮೈ, ದೊಡ್ಡ ಗಾಲಿ, ಕಲ್ಲಿಗೆ ಹೆದರದ ನಡಿಗೆ. ನೆಲದಿಂದ ಕಾರಿನ ಹೊಟ್ಟೆಗೆ ಎಷ್ಟು ಎತ್ತರ ಎಂದು ಗೇಣು ಹಾಕಿ ಬಂದವರಿಗೆಲ್ಲ ತೋರಿಸಿದ.

ಅಮಾವಾಸ್ಯೆಯ ದಿನ ಪೂಜೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು. ಹೊಸ ಗಾಡಿಯಲ್ಲಿ ಹಿರಿಯರು ಮೊದಲು ಕೂರಬೇಕು ಎನ್ನುವುದು ನಮ್ಮ ಪದ್ಧತಿ. ಅಷ್ಟರಲ್ಲಿ ಫೋನು ಬಂತು. ಹಳ್ಳದಾಚೆಯ ಊರಿನಲ್ಲಿ ಅವ್ವನ ಅಕ್ಕ ಕೊನೆಯುಸಿರು ಎಳೆಯುತ್ತಿದ್ದಾಳೆ, ತಂಗಿಯನ್ನು ಕೇಳುತ್ತಿದ್ದಾಳೆ.

ಅವ್ವ ಬಂದಳು. ಕಾಲು ಎತ್ತಿದಳು. ಎಟುಕಲಿಲ್ಲ. ಮತ್ತೆ ಎತ್ತಿದಳು. ಎಟುಕಲಿಲ್ಲ.

"ಹತ್ತ ಬೇ, ಲಗೂನ," ಎಂದ ಮಗ.

"ಹ್ಯಾಂಗ ಹತ್ಲೋ ತಮ್ಮಾ? ಇದೇನ್ ಕಾರೋ, ಮಾಳಿಗಿನೋ? ನಿಚ್ಚಣಿಕಿ ತರಸು!"

ಪೂಜೆಗೆ ನೆರೆದವರಲ್ಲಿ ಇಬ್ಬರು ಅವಳನ್ನು ಎತ್ತಲು ಮುಂದೆ ಬಂದರು. "ಮುಟ್ಟಬ್ಯಾಡ್ರಿ! ನಾ ಏನ್ ಜ್ವಾಳದ ಚೀಲೇನು? ನಡಕೋಂತ ಹೋಗ್ತೀನಿ," ಎಂದು ಅವ್ವ ಹಳ್ಳದ ಕಡೆ ಹೊರಟೇಬಿಟ್ಟಳು.

ಡ್ರೈವರ್ ಹುಸೇನಸಾಬ ಮೆಲ್ಲಗೆ ಅಂದ: "ಯಜಮಾನ್ರ, ಕಾರಿನ ಹೊಟ್ಟಿ ಅಳದ್ರಿ. ಅವ್ವಾರ ಮೊಣಕಾಲ ಅಳೀಲಿಲ್ರಿ."

ನೆರೆದವರೆಲ್ಲರ ಮುಂದೆ ಆ ಮಾತು! ಸಿಟ್ಟು ಬರಬೇಕಲ್ಲವೇ? ಬರಲಿಲ್ಲ. ಸಿರಿವಂತ ಓಡಿಹೋಗಿ ಅವ್ವನ ಕೈ ಹಿಡಿದು ಕರೆತಂದ. ಇಸ್ತ್ರಿ ಮಾಡಿದ ಧೋತರದಲ್ಲೇ ಮಣ್ಣಿಗೆ ಒಂದು ಮಂಡಿಯೂರಿದ. ಇನ್ನೊಂದು ತೊಡೆಯನ್ನು ಮೆಟ್ಟಿಲು ಮಾಡಿದ.

"ನಿನ್ನ ಮ್ಯಾಲೆ ಕಾಲಿಡ್ಲೇನೋ?"

"ಹೊಟ್ಟ್ಯಾಗ ಇದ್ದಾಗ ನಾ ನಿನಗ ಎಷ್ಟ್ ಒದ್ದೇನಿ ಬೇ. ಇಡು."

ಅವ್ವ ನಕ್ಕಳು. ಕಾಲಿಟ್ಟಳು, ಹತ್ತಿದಳು. ಹೊಸ ಕಾರು ಹಳ್ಳವನ್ನು ಆನೆಯಂತೆ ದಾಟಿತು. ಅಲ್ಲಿ ಅಕ್ಕ ಕಣ್ಣು ತೆರೆದು, "ಸಣ್ಣಾಕಿ, ಬಂದ್ಯಾ?" ಎಂದಳು. ಅಷ್ಟೇ. ಸಾಕಲ್ಲವೇ?

ಈಗ ಹೇಳಿ, ಯಾವ ಕಾರು ದೊಡ್ಡದು? ಹಳೆಯದು ತಾನೇ ತಗ್ಗಿ ಅವ್ವನನ್ನು ಕೂರಿಸಿಕೊಂಡಿತು. ಹೊಸದು ಹಳ್ಳ ದಾಟಿಸಿತು. ಎರಡಕ್ಕೂ ಕೈಮುಗಿಯಿರಿ. ಆದರೆ ಎತ್ತರದ್ದನ್ನು ಮನೆಗೆ ತಂದವನು ಬಾಗುವುದನ್ನು ತಾನೇ ಕಲಿಯಬೇಕು. ನೀವೂ ಎಷ್ಟೋ ಎತ್ತರದ್ದು ತಂದಿದ್ದೀರಿ. ಹೊಸ ಫೋನನ್ನು ಅಪ್ಪನ ಕೈಗಿಟ್ಟು, "ಇಷ್ಟೂ ತಿಳಿಯೋದಿಲ್ಲೇನು?" ಎಂದು ಕಸಿದುಕೊಂಡಿಲ್ಲವೇ? ಸೊಂಟಮಟ್ಟದ ಅಡುಗೆಕಟ್ಟೆ ಕಟ್ಟಿಸಿ, ಕೂತು ರೊಟ್ಟಿ ಬಡಿಯುವ ಅತ್ತೆಯನ್ನು ಪಡಸಾಲೆಗೆ ಕಳಿಸಿಲ್ಲವೇ?

ಇವತ್ತು ಮನೆಗೆ ಹೋಗಿ. ಅಪ್ಪನ ಪಕ್ಕ ಕೂತು ಆ ಫೋನನ್ನು ಹತ್ತು ಸಲವಾದರೂ ಬೇಸರಿಸದೆ ತೋರಿಸಿಕೊಡಿ. ನೆಲದ ಮೇಲೆ ಒಂದು ಒಲೆ ಹೂಡಿ. ನಾಳೆಯ ಮೊದಲ ರೊಟ್ಟಿ ಅತ್ತೆಯ ಕೈಯಿಂದಲೇ ಬರಲಿ.