ಚಾವಣಿಗಿಂತ ಎತ್ತರದ ರೆಕ್ಕೆ

ಅಧ್ಯಕ್ಷರಾದ ಲೋಮ್ಯಾಕ್ಸ್ ಅವರೇ, ಹಳೆಯ ಕಾರುಗಳ ಸಂಘದ ಹಿರಿಯರೇ, ಕೆರೊಲಿನಾದ ಮೂಲೆಮೂಲೆಗಳಿಂದ ಬಂದಿರುವ ಸಭಿಕರೇ,

ಹೊರಗೆ ನಿಂತಿರುವ ಕಿತ್ತಳೆ ಬಣ್ಣದ ಕಾರನ್ನು ನೀವೆಲ್ಲ ಸುತ್ತಿ ಸುತ್ತಿ ನೋಡಿದಿರಿ. ಅದನ್ನು ಮಾರಿದ ಥರ್ಮನ್ ಗ್ಯಾಡಿಯವರ ಮಗಳೆಂದು ನನ್ನನ್ನು ಸನ್ಮಾನಿಸಿದಿರಿ. ನನಗೋ ನಾಚಿಕೆಯಾಗುತ್ತಿದೆ. ಯಾಕೆ ಅಂತೀರಾ?

ನಮ್ಮ ರೇಸುಗಳಲ್ಲಿ ಮೊದಲು ಓಡುತ್ತಿದ್ದುದು ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರುಗಳೇ. ದೊಡ್ಡ ಟ್ರ್ಯಾಕುಗಳು ಬಂದು ವೇಗ ಗಂಟೆಗೆ ಇನ್ನೂರು ಮೈಲಿಯ ಹತ್ತಿರ ಹೋದಾಗ ಗಾಳಿಯೇ ದೊಡ್ಡ ಎದುರಾಳಿಯಾಯಿತು. ಅದನ್ನು ಸೀಳಲು ಮುಂದೆ ಚೂಪು ಮೂತಿ ಬಂತು. ಹಿಂಬದಿ ಮೇಲೇಳದಂತೆ ಒತ್ತಿಹಿಡಿಯಲು ಚಾವಣಿಗಿಂತ ಎತ್ತರದ ರೆಕ್ಕೆ ಬಂತು. ಆದರೆ ನಿಯಮವೇನು? ಜನರಿಗೆ ಮಾರುವ ಕಾರನ್ನೇ ರೇಸಿಗಿಳಿಸಬೇಕು. ಹಾಗಾಗಿ ನಮ್ಮಪ್ಪನ ಕಾರು ಶೋರೂಮಿಗೂ ಅಂಥದೊಂದು ಬಂತು. ಕೊಳ್ಳುವವರು ಮಾತ್ರ ಬರಲಿಲ್ಲ!

"ಥರ್ಮನ್, ಇದ್ರ ಮೇಲೆ ಬಟ್ಟೆ ಒಣಗಿಸ್ಬೋದೇನಯ್ಯ?" ಎಂದು ಊರಿನವರು ನಗುತ್ತಿದ್ದರು. ರೇಸಿನ ಹುಚ್ಚಿನ ಅಪ್ಪ ಅದನ್ನು ಮನೆಗೇ ತಂದರು.

ಅಜ್ಜಿ ತೀರಿಕೊಂಡ ವಾರ ನಮ್ಮ ಇನ್ನೊಂದು ಕಾರು ಕೆಟ್ಟು ನಿಂತಿತ್ತು. ಶವದ ಗಾಡಿಯ ಹಿಂದೆ ಇದರಲ್ಲೇ ಹೊರಟೆವು. ಗೌರವದಿಂದ ಟೋಪಿ ತೆಗೆದು ನಿಂತಿದ್ದವರು ನಮ್ಮನ್ನು ಕಂಡು ಅದೇ ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ಪೆಟ್ರೋಲ್ ಬಂಕಿನಿಂದ ಯಾರೋ, "ಓವರ್‌ಟೇಕ್ ಮಾಡಿ, ಗ್ಯಾಡಿ ಸಾಹೇಬ್ರೇ!" ಎಂದು ಕೂಗಿದರು.

"ನಮ್ಮಮ್ಮನ್ನ ಮರ್ಯಾದೆಯಾಗಿ ಮಣ್ಣು ಮಾಡೋಕೂ ಬಿಡ್ಲಿಲ್ವಲ್ಲ ನೀನು" ಎಂದು ಅಮ್ಮ ಅತ್ತಳು.

ಸ್ಮಶಾನದಿಂದ ಬಂದ ಅಪ್ಪ ಸೂಟನ್ನೂ ಬಿಚ್ಚದೆ ಸ್ಪ್ಯಾನರ್ ಹಿಡಿದರು. ರೆಕ್ಕೆಯನ್ನು ಕಳಚಿ ಹುಲ್ಲಿನ ಮೇಲೆ ಮಲಗಿಸಿದರು.

"ಅಪ್ಪ, ರೇಸಲ್ಲಿ ಇದೇ ಗೆಲ್ಲುತ್ತಲ್ವಾ?" ಎಂದೆ.

"ಗೆಲ್ಲುತ್ತೆ ಕಣೇ. ಅಲ್ಲಿ ಎದುರಿಗೆ ಬರೀ ಗಾಳಿ ಇರುತ್ತೆ."

ಆಮೇಲೆ ಮೂತಿಯನ್ನೂ ಬದಲಿಸಿದರು. ಬೋಳು ಕಾರನ್ನು ಅಂಚೆ ಕಚೇರಿಯವರೊಬ್ಬರು ಕೊಂಡರು. ಅಪ್ಪ ಮತ್ತೆಂದೂ ರೇಸಿಗೆ ಹೋಗಲಿಲ್ಲ. ರೇಡಿಯೊದಲ್ಲಿ ಬಂದರೂ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಮಗಳಿಗೆ ದುಃಖವಾಯಿತೇ? ಇಲ್ಲ ಸ್ವಾಮಿ, ಇಲ್ಲ. ಇನ್ನು ಶಾಲೆಯ ಮುಂದೆ ತಲೆಯೆತ್ತಿ ಇಳಿಯಬಹುದೆಂದು ಹಿಗ್ಗಿದೆ.

ಇಂದು ನೀವು ಅದೇ ಕಾರಿಗೆ ಹೊಸ ರೆಕ್ಕೆ ಕೂರಿಸಿ ಚಪ್ಪಾಳೆ ತಟ್ಟಿದಿರಿ. ನಾನೂ ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಅಪ್ಪ ಬದುಕಿದ್ದಾಗ ಒಬ್ಬರು ತಟ್ಟಿದ್ದರೂ ಸಾಕಿತ್ತು. ಆ ಒಬ್ಬಳು ನಾನಾಗಬಹುದಿತ್ತು.

ನಗದೆ ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.