ಹಳೆಯ ಅಚ್ಚಿನ ಹೊಸ ಪದಕ

ದೇಸೂರ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ತಾಯಿ ಮಗ ಖಾನಾಪುರದ ರೈಲಿಗೆ ಕಾದು ಕೂತಿದ್ದರು. ಮಗನ ಅಂಗೈಯಲ್ಲಿ ಪದಕವೊಂದು ಹೊಳೆಯುತ್ತಿತ್ತು.

“ಯವ್ವಾ, ಯುದ್ಧ ಗೆದ್ದ ನೆನಪಿಗೆ ಮುತ್ಯಾಗ ಕೊಟ್ಟಿದ್ದ ಬೆಳ್ಳಿ ಪದಕದ ಅಚ್ಚಿನಾಗ ಈಗ ಹೊಸದಾಗಿ ಹೊಡದದ್ದಿದು. ಗಾಜಿನ ಪೆಟ್ಟಿಗ್ಯಾಗಿಟ್ಟು ‘ಮುತ್ಯಾನ ಪದಕ’ ಅಂತ ಬರೀತೀನಿ.”

“ಹಂಗ ಬರೀಬ್ಯಾಡೋ ಯಲ್ಲೇಶ. ಇಷ್ಟು ಹೊಳಪು ಮುತ್ಯಾನ ಮಾರ್ಯಾಗೂ ಇರಲಿಲ್ಲ.”

“ಖರೇದು ಕಳದೈತಿ ಅಂತ ಯಾರಿಗೆ ಗೊತ್ತು?”

“ಕಳದಿಲ್ಲ. ನೀ ಕೂಸಿದ್ದಾಗ ಜ್ವರ ಇಳೀಲಿಲ್ಲಂತ ಹರಕಿ ಹೊತ್ತಿದ್ದೆ. ಆ ಪದಕ ಕರಗಿಸಿ ಮೈಲಾರಲಿಂಗನ ಮೂರ್ತಿ ಮಾಡಿಸೀನಿ. ದಿನಾ ನೀ ಕೈ ಮುಗಿಯೂದು ಅದಕ್ಕ.”

ಮಗ ಪದಕವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಅಜ್ಜನ ಬಗ್ಗೆ ಕೇಳಿದ.

“ಮುತ್ಯಾಗ ಗೊತ್ತಿತ್ತೇನು?”

“ತಾವ ಕೈಯಾರೆ ಕೊಟ್ಟರು.”

“ಹಂಗಾರ ಇದರ ಕೆಳಗ ಏನ ಬರೀಲಿ?”

“‘ಹಿಂಗಿತ್ತು’ ಅಂತ ಬರಿ.”

ರೈಲು ಬಂತು. ಮಗ ಆಕೆಯ ಕೈ ಹಿಡಿದು ಹತ್ತಿಸಿದ.